ಮುಳ್ಳು ಅಲುಗುವ ಜಾಗ

ನಿಂತ ಹೃದಯವನ್ನು ಮತ್ತೆ ನಡೆಸಲು ಬೊಂಬೆಯ ಎದೆ ಒತ್ತಿ ತೋರಿಸುವುದರಲ್ಲಿ ದೊಡ್ಡ ಸಿಸ್ಟರ್‌ಗೆ ಪೂರ್ತಿ ಅಂಕ ಬಂತು. ಮಂಡಿಯೂರಿ, ಎರಡೂ ಅಂಗೈ ಒಂದರ ಮೇಲೊಂದು ಇಟ್ಟು ಅವಳು ಒತ್ತುತ್ತಿದ್ದರೆ ರಬ್ಬರಿನ ಆ ಅರ್ಧ ದೇಹ ಲಯ ತಪ್ಪದೆ ಏಳುತ್ತ ಬೀಳುತ್ತ ಇತ್ತು. ಒತ್ತಿದ್ದು ಸರಿಯಿದ್ದರೆ ಉರಿಯುವ ಪಕ್ಕದ ಪೆಟ್ಟಿಗೆಯ ಹಸಿರು ದೀಪ ಒಮ್ಮೆಯೂ ಆರಲಿಲ್ಲ. ಎದ್ದು ನಿಂತು ಮಂಡಿಯ ಧೂಳು ಕೊಡವಿಕೊಂಡಾಗ, ಬಾಗಿಲಲ್ಲಿ ಸರದಿ ಕಾಯುತ್ತಿದ್ದ ಹೊಸ ಹುಡುಗಿಯರು ಚಪ್ಪಾಳೆ ತಟ್ಟಿದರು. ಅವರ ಕೈಗಳು ಸೇರುವುದು ಅವಳಿಗೆ ಕಂಡಿತು. ಸದ್ದು ಬರಲಿಲ್ಲ.

ಆಸ್ಪತ್ರೆಯಲ್ಲಿ ಆ ವರ್ಷ ಹೊಸ ನಿಯಮ ಬಂದಿತ್ತು. ಎಷ್ಟೇ ಹಳಬರಾಗಿರಲಿ, ಪ್ರತಿಯೊಬ್ಬ ನರ್ಸೂ ತನ್ನ ಕೆಲಸವನ್ನು ಪರೀಕ್ಷಕರ ಮುಂದೆ ಮಾಡಿ ತೋರಿಸಬೇಕು. ಅರ್ಧ ಪರೀಕ್ಷೆ ತರಬೇತಿ ಕೋಣೆಯಲ್ಲಿ ಬೊಂಬೆಗಳ ಮೇಲೆ, ಇನ್ನರ್ಧ ವಾರ್ಡಿನಲ್ಲಿ ನಿಜವಾದ ರೋಗಿಗಳ ಮೇಲೆ. ಒಂದರಲ್ಲಿ ತಪ್ಪಿದರೂ ವಾರ್ಡಿನಿಂದ ಹೊರಗೆ. ಮತ್ತೆ ತರಬೇತಿ, ಮತ್ತೆ ಪರೀಕ್ಷೆ. ಆಗಲೂ ತಪ್ಪಿದರೆ ಬಟ್ಟೆಗಳ ಉಗ್ರಾಣಕ್ಕೆ ವರ್ಗ. ಹಳಬರು ಗೊಣಗಿದ್ದರು. ಇನ್ನು ಮನೆಯಲ್ಲಿ ಒಲೆ ಹಚ್ಚುವುದಕ್ಕೂ ಸರ್ಟಿಫಿಕೇಟ್ ಕೇಳುತ್ತಾರೆ ಎಂದು ಒಬ್ಬಳು ಊಟದ ಹೊತ್ತಿನಲ್ಲಿ ಎಲ್ಲರನ್ನೂ ನಗಿಸಿದ್ದಳು.

ದೊಡ್ಡ ಸಿಸ್ಟರ್ ಗೊಣಗಿರಲಿಲ್ಲ. ಗೊಣಗುವ ಮುಖವೂ ಅವಳಿಗಿರಲಿಲ್ಲ. ಈ ತರಬೇತಿ ಕೋಣೆ ಹುಟ್ಟುವ ಮೊದಲು ವಾರ್ಡೇ ಶಾಲೆ, ಅವಳೇ ಮೇಷ್ಟ್ರು. ಸೂಜಿ ಚುಚ್ಚುವುದು, ಗಾಯ ತೊಳೆಯುವುದು, ಸತ್ತವರ ಕಣ್ಣು ಮುಚ್ಚುವುದು ಎಲ್ಲವನ್ನೂ ಹೊಸಬರಿಗೆ ಕಲಿಸಿದವಳು ಅವಳು. ತಪ್ಪು ಮಾಡಿದವರ ಮಾನವನ್ನು ರೋಗಿಯ ಎದುರೇ ತೆಗೆಯುತ್ತಿದ್ದಳು. ಇವತ್ತು ಪರೀಕ್ಷಕಿಯಾಗಿ ನಿಂತಿದ್ದ ಗುಬ್ಬಿಯೂ ಅವಳ ಕೈಕೆಳಗೆ ಪಳಗಿದವಳೇ. ಗುಬ್ಬಿ ಎಂಬ ಹೆಸರೂ ಅವಳು ಇಟ್ಟದ್ದು. ಕೆಲಸಕ್ಕೆ ಸೇರಿದಾಗ ಆ ಹುಡುಗಿ ಅಷ್ಟು ಸಣ್ಣಗಿದ್ದಳು, ಮಾತೆತ್ತಿದರೆ ಅಳುತ್ತಿದ್ದಳು. ಈಗ ಇಡೀ ಆಸ್ಪತ್ರೆ ಅವಳನ್ನು ಮೇಡಂ ಅನ್ನುತ್ತಿತ್ತು. ದೊಡ್ಡ ಸಿಸ್ಟರ್ ಮಾತ್ರ ಗುಬ್ಬಿ ಅಂತಲೇ ಕೂಗುತ್ತಿದ್ದಳು, ಗುಬ್ಬಿ ಓಗೊಡುತ್ತಿದ್ದಳು.

ದೊಡ್ಡ ಸಿಸ್ಟರ್‌ಗೆ ಕಿವಿ ಕೈಕೊಟ್ಟು ಕೆಲವು ವರ್ಷಗಳಾಗಿದ್ದವು. ಮೊದಲು ಎಡದ್ದು, ಆಮೇಲೆ ಬಲದ್ದು. ಮನೆಯಲ್ಲಿ ಗಂಡನಿಗೆ ಗೊತ್ತಿತ್ತು. ಬೈದರೂ ನಗುವ ಹೆಂಡತಿ ಯಾರಿಗೆ ಸಿಗುತ್ತಾಳೆ ಎಂದು ಅವನು ನೆಂಟರೆದುರು ತಮಾಷೆ ಮಾಡುತ್ತಿದ್ದ. ಆಮೇಲೆ ಒಂದು ದಿನ ತಮಾಷೆ ಬಿಟ್ಟು ಬೇರೆ ಆಸ್ಪತ್ರೆಯ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ಕಿವಿಗೆ ಯಂತ್ರ ಹಾಕಿಸಿಕೊಳ್ಳಿ ಎಂದರು. ಅವಳು ಒಪ್ಪಲಿಲ್ಲ. ಕಿವಿಯಲ್ಲಿ ಯಂತ್ರ ಸಿಕ್ಕಿಸಿಕೊಂಡವಳನ್ನು ವಾರ್ಡಿನಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ವಾರ್ಡಿನಿಂದ ಹೊರಗೆ ತನಗೆ ಏನಿದೆ ಎಂದು ಅವಳು ಯೋಚಿಸಿ ನೋಡಿದ್ದಳು. ಏನೂ ಹೊಳೆದಿರಲಿಲ್ಲ.

ತುಟಿ ನೋಡಿ ಮಾತು ತಿಳಿಯುವುದನ್ನು ಅವಳು ತಾನೇ ಕಲಿತಳು. ಅದು ಕೈಹತ್ತುವಷ್ಟರಲ್ಲಿ ಎಲ್ಲರ ಮುಖಕ್ಕೂ ಮಾಸ್ಕ್ ಬಂತು. ಸೋಂಕಿನ ಕಾಲ ಮುಗಿದರೂ ವಾರ್ಡಿನಲ್ಲಿ ಮಾಸ್ಕ್ ಉಳಿಯಿತು. ಆಗ ಅವಳು ಕಣ್ಣನ್ನು ಇನ್ನಷ್ಟು ಚುರುಕು ಮಾಡಿಕೊಂಡಳು. ಡಾಕ್ಟರು ರೌಂಡಿಗೆ ಬಂದಾಗ ಅವರು ಬರೆಯುವುದು ಕಾಣುವ ಹಾಗೆ ಭುಜದ ಹಿಂದೆ ನಿಲ್ಲುತ್ತಿದ್ದಳು. ಯಾರಾದರೂ ಕರೆಯುವ ಮೊದಲೇ ಎಲ್ಲ ಹಾಸಿಗೆಗಳನ್ನೂ ಸುತ್ತಿ ಬರುತ್ತಿದ್ದಳು. ಮಾತು ಕಡಿಮೆ, ಕೆಲಸ ಜಾಸ್ತಿ ಎಂದು ಅವಳಿಗೆ ಹೆಸರು ಬಂತು.

ಬಿಪಿ ನೋಡುವುದೊಂದೇ ಕಣ್ಣಿಗೆ ಸಿಗದ ಕೆಲಸ. ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ನಿಧಾನವಾಗಿ ಬಿಡುತ್ತ ಸ್ಟೆತಾಸ್ಕೋಪಿನಲ್ಲಿ ನಾಡಿಯ ಸದ್ದು ಹುಟ್ಟುವ ಜಾಗವನ್ನು ಕೇಳಬೇಕು. ಅದು ಮೇಲಿನ ಅಂಕಿ. ಸದ್ದು ಸಾಯುವ ಜಾಗ ಕೆಳಗಿನದು. ಅವಳು ಅದಕ್ಕೂ ದಾರಿ ಹುಡುಕಿದಳು. ಗಾಳಿ ಇಳಿಯುವಾಗ ಡಯಲಿನ ಮುಳ್ಳು ಒಂದು ಕಡೆ ಸಣ್ಣಗೆ ಅಲುಗಲು ಶುರುವಾಗುತ್ತದೆ, ಇನ್ನೊಂದು ಕಡೆ ನಿಲ್ಲುತ್ತದೆ. ಅಲುಗುವ ಜಾಗ ಮೇಲಿನದು, ನಿಲ್ಲುವ ಜಾಗ ಕೆಳಗಿನದು ಎಂದು ಇಟ್ಟುಕೊಂಡಳು. ಮುಳ್ಳು ಸದ್ದಿಗಿಂತ ಮೊದಲೇ ಅಲುಗುತ್ತದೆ, ಅಂಕಿ ಜಾಸ್ತಿ ಬರುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಸ್ವಲ್ಪ ವ್ಯತ್ಯಾಸ ಬಂದರೂ ಅಂಥದ್ದೇನಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ವಾರ್ಡಿನಲ್ಲಿ ಬಿಪಿ ನೋಡುವ ಯಂತ್ರವೂ ಒಂದಿತ್ತು. ವಾರ್ಡಿನ ಡಾಕ್ಟರು ಅದನ್ನು ನಂಬುತ್ತಿರಲಿಲ್ಲ. ದೊಡ್ಡ ಸಿಸ್ಟರ್ ಕೈಯಲ್ಲಿ ನೋಡಿದ್ದೇ ಸರಿ, ಅದನ್ನೇ ಬರೆಯಿರಿ ಅನ್ನುತ್ತಿದ್ದರು.

ವಾರ್ಡಿನ ಪರೀಕ್ಷೆಗೆ ಗುಬ್ಬಿ ಆರಿಸಿಕೊಂಡದ್ದು ಒಬ್ಬ ದರ್ಜಿಯ ಹಾಸಿಗೆಯನ್ನು. ಅವನು ಹಿಂದೊಮ್ಮೆ ತಲೆನೋವು, ಬಿಪಿ ಎಂದು ಇದೇ ವಾರ್ಡಿಗೆ ಸೇರಿದ್ದ. ದಿನವೂ ಜಾಸ್ತಿಯೇ ಬರುತ್ತಿದೆಯೆಂದು ಮಾತ್ರೆ ಏರಿಸಿ ಮನೆಗೆ ಕಳಿಸಿದ್ದರು. ಮನೆಯಲ್ಲಿ ಹೊಲಿಗೆ ಯಂತ್ರದ ಮುಂದಿನಿಂದ ಎದ್ದವನಿಗೆ ಕಣ್ಣು ಕತ್ತಲೆ ಬಂದು, ಬಿದ್ದು, ಸೊಂಟದ ಮೂಳೆ ಮುರಿದುಕೊಂಡು ವಾಪಸು ಬಂದಿದ್ದ. ಇನ್ನು ಪೆಡಲ್ ತುಳಿಯುವ ಆಸೆ ಬಿಡಬೇಕು ಎಂದು ಮೂಳೆ ಡಾಕ್ಟರು ಹೇಳಿಹೋಗಿದ್ದರು. ಅಷ್ಟಾದರೂ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ. ದೊಡ್ಡ ಸಿಸ್ಟರ್‌ಗೆ ಅವನೆಂದರೆ ಇಷ್ಟ. ಮಾಸ್ಕಿಲ್ಲದ, ಮೀಸೆಯಿಲ್ಲದ ಬಾಯಿ. ಒಂದೊಂದು ಮಾತನ್ನೂ ಬಿಡಿಸಿ ಆಡುವ ತುಟಿ.

"ಬನ್ನಿ ಸಿಸ್ಟರ್, ಇವತ್ತು ನಿಮಗೆ ಪರೀಕ್ಷೆಯಂತೆ," ಎಂದ. "ಉತ್ತರ ಗೊತ್ತಾಗದಿದ್ರೆ ನನ್ನ ಕಡೆ ನೋಡಿ, ಹೇಳ್ಕೊಡ್ತೀನಿ." ಆಮೇಲೆ ಗುಬ್ಬಿಯ ಬಿಳಿ ಕೋಟನ್ನು ಕೆಳಗಿಂದ ಮೇಲೆ ನೋಡಿದ. "ಮೇಡಂ, ಈ ಭುಜ ಹೊಲ್ದೋನು ನಿಮ್ಮ ಮೇಲೆ ಯಾವುದೋ ಹಳೇ ಸಿಟ್ಟು ತೀರಿಸ್ಕೊಂಡಿದಾನೆ."

ಗುಬ್ಬಿಯ ಕಣ್ಣು ನಕ್ಕವು. ಅವಳು ಚೀಲದಿಂದ ಎರಡು ಜೊತೆ ಕಿವಿಗಳಿರುವ ಸ್ಟೆತಾಸ್ಕೋಪ್ ತೆಗೆದಳು. ರೋಗಿಯ ತೋಳಿನ ಮೇಲೆ ಇಡುವ ಬಿಲ್ಲೆ ಒಂದೇ. ಅಲ್ಲಿಂದ ಬರುವ ಕೊಳವೆ ಕವಲೊಡೆದು ಒಂದು ಕಲಿಯುವವರ ಕಿವಿಗೆ, ಇನ್ನೊಂದು ಕಲಿಸುವವರ ಕಿವಿಗೆ ಹೋಗುತ್ತದೆ. ದೊಡ್ಡ ಸಿಸ್ಟರ್ ಒಂದು ಜೊತೆಯನ್ನು ಕಿವಿಗೆ ಸಿಕ್ಕಿಸಿಕೊಂಡಳು, ಇನ್ನೊಂದನ್ನು ಗುಬ್ಬಿ. ಪಟ್ಟಿ ಸುತ್ತಿದಳು, ಬೆರಳಿನಿಂದ ನಾಡಿ ಹುಡುಕಿ ಬಿಲ್ಲೆ ಇಟ್ಟಳು, ಗಾಳಿ ತುಂಬಿದಳು. ಇಷ್ಟರಲ್ಲಿ ಯಾರೂ ಅವಳಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಆಮೇಲೆ ತಿರುಪನ್ನು ಸಡಿಲಿಸಿ, ಡಯಲಿನ ಮೇಲೆ ಕಣ್ಣು ನೆಟ್ಟಳು. ಮುಳ್ಳು ಇಳಿಯಿತು. ಇಳಿಯುತ್ತ ಒಂದು ಕಡೆ ಅಲುಗಿತು. ಇನ್ನಷ್ಟು ಇಳಿದು ನಿಂತಿತು.

"ನೂರ ಇಪ್ಪತ್ತಾರು, ಎಂಬತ್ತು," ಎಂದಳು. ದರ್ಜಿಯ ತೋಳು ತಟ್ಟಿದಳು. "ಈಗ ಹತೋಟಿಗೆ ಬಂದಿದೆ ನೋಡಿ."

ಗುಬ್ಬಿ ಏನೂ ಬರೆದುಕೊಳ್ಳಲಿಲ್ಲ. ದೊಡ್ಡ ಸಿಸ್ಟರ್ ತಲೆಯೆತ್ತಿ ನೋಡಿದಳು. ಮಾಸ್ಕಿನ ಮೇಲೆ ಗುಬ್ಬಿಯ ಕಣ್ಣು ಕೆಂಪಾಗಿದ್ದವು. ಅವಳ ಎಡಗೈ ಕೊಳವೆಯ ಕವಲಿನ ಹತ್ತಿರ ಇತ್ತು. ಹೆಬ್ಬೆರಳು, ತೋರುಬೆರಳು ಸೇರಿ, ದೊಡ್ಡ ಸಿಸ್ಟರ್‌ನ ಕಿವಿಗೆ ಹೋಗುವ ಕವಲನ್ನು ಬಿಗಿಯಾಗಿ ಹಿಚುಕಿ ಹಿಡಿದಿದ್ದವು. ಆ ಕವಲಿನಲ್ಲಿ ಸದ್ದು ಹೋಗಲು ಸಾಧ್ಯವೇ ಇರಲಿಲ್ಲ.

ಆ ಉಪಾಯ ದೊಡ್ಡ ಸಿಸ್ಟರ್‌ನದೇ. ಹೊಸ ಹುಡುಗಿಯರನ್ನು ಪರೀಕ್ಷಿಸುವಾಗ ಅವಳು ಒಂದು ಸಲ ಅವರಿಗೆ ತಿಳಿಯದ ಹಾಗೆ ಕವಲು ಹಿಚುಕುತ್ತಿದ್ದಳು. ಏನೂ ಕೇಳಿಸದಿದ್ದರೂ ಬಹುಪಾಲು ಹುಡುಗಿಯರು ಹೆದರಿ ಬಾಯಿಗೆ ಬಂದ ಅಂಕಿ ಹೇಳುತ್ತಿದ್ದರು. ಅವರನ್ನು ಆ ದಿನ ವಾರ್ಡಿನಿಂದ ಹೊರಗೆ ಕಳಿಸುತ್ತಿದ್ದಳು. ಗುಬ್ಬಿ ಆವತ್ತು ಅಂಕಿ ಹೇಳಿರಲಿಲ್ಲ. ನನಗೆ ಏನೂ ಕೇಳಿಸ್ತಿಲ್ಲ ಸಿಸ್ಟರ್, ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ ಎಂದು ಅತ್ತಿದ್ದಳು. ಕೇಳಿಸದಿದ್ದರೆ ಕೇಳಿಸಲಿಲ್ಲ ಅನ್ನುವವಳೇ ಲಾಯಕ್ಕು ಎಂದು ದೊಡ್ಡ ಸಿಸ್ಟರ್ ಅವಳ ಬೆನ್ನು ತಟ್ಟಿದ್ದಳು. ಇಲ್ಲದ ಅಂಕಿ ಬರೆದರೆ ಅದಕ್ಕೆ ತಕ್ಕ ಔಷಧಿ ಇನ್ನೊಬ್ಬರ ಹೊಟ್ಟೆಗೆ ಹೋಗುತ್ತದೆ ಎಂದೂ ಹೇಳಿದ್ದಳು.

ಇಬ್ಬರೂ ಗಾಯ ಕಟ್ಟುವ ಕೋಣೆಗೆ ಹೋದರು. ಗುಬ್ಬಿ ಬಾಗಿಲು ಮುಚ್ಚಿ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡಳು. ಅವಳಿಗೆ ಎಲ್ಲ ಅರ್ಥವಾಗಿತ್ತು.

"ಯಾವಾಗಿಂದ ಸಿಸ್ಟರ್?"

"ಬಹಳ ದಿನ ಆಯ್ತು."

"ನನಗಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಏನ್ಮಾಡ್ತಿದ್ದೆ? ಈಗ ಮಾಡೋದನ್ನೇ ಆಗ ಮಾಡ್ತಿದ್ದೆ."

ಗುಬ್ಬಿ ಕೈ ಅಲ್ಲಾಡಿಸುತ್ತ ಬಹಳ ಮಾತಾಡಿದಳು. ಸದ್ದು ದೊಡ್ಡದು ಮಾಡುವ ಸ್ಟೆತಾಸ್ಕೋಪ್ ಬಂದಿದೆ, ಕಿವಿಗೆ ಯಂತ್ರ ಹಾಕಿಸಿಕೊಂಡರೆ ಮತ್ತೆ ಪರೀಕ್ಷೆಗೆ ಕೂರಬಹುದು, ಅಲ್ಲಿಯವರೆಗೆ ತರಬೇತಿ ಕೋಣೆಯಲ್ಲಿ ಹುಡುಗಿಯರಿಗೆ ಕಲಿಸಲಿ. ಬೇಕಾದರೆ ಇವತ್ತಿನದನ್ನು ಬರೆಯುವುದೇ ಇಲ್ಲ, ರೋಗಿಗೆ ಸುಸ್ತಾಗಿತ್ತು, ಪರೀಕ್ಷೆ ಮುಂದಕ್ಕೆ ಹೋಯಿತು ಅಂತ ಹಾಕಿದರಾಯಿತು. ತುಟಿಗಳು ತೀರ ವೇಗವಾಗಿ ಓಡುತ್ತಿದ್ದವು. ದೊಡ್ಡ ಸಿಸ್ಟರ್ ಅರ್ಧದಲ್ಲೇ ಕೈಯೆತ್ತಿ ತಡೆದಳು.

"ನಿನಗೆ ಎಷ್ಟು ಬಂತು?"

"ಬಿಡಿ ಸಿಸ್ಟರ್."

"ನಿನ್ನ ಕಿವಿ ತೆರೆದೇ ಇತ್ತಲ್ಲ. ಎಷ್ಟು ಬಂತು ಹೇಳು."

"ನೂರು," ಎಂದಳು ಗುಬ್ಬಿ. "ಅರವತ್ತು."

ದೊಡ್ಡ ಸಿಸ್ಟರ್ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮಲಗಿದವನಿಗೆ ನೂರು. ಎದ್ದು ನಿಂತರೆ ಇನ್ನೂ ಇಳಿಯುತ್ತದೆ. ಮೊದಲ ಸಲ ಅವನು ಬಂದಾಗ ದಿನವೂ ಜಾಸ್ತಿ ಬರುತ್ತಿದೆ ಎಂದು ಡಾಕ್ಟರಿಗೆ ಹೇಳಿದವಳು ಅವಳೇ. ಅವನಿಗೆ ಇದ್ದದ್ದು ಬರೀ ತಲೆನೋವು ಇರಬಹುದು. ಗುಬ್ಬಿಯ ಮುಖ ನೋಡಿದರೆ ಅವಳೂ ಅದೇ ಲೆಕ್ಕ ಹಾಕುತ್ತಿರುವುದು ಗೊತ್ತಾಗುತ್ತಿತ್ತು.

"ಬೀಳೋಕೆ ಸಾವಿರ ಕಾರಣ ಇರುತ್ತೆ ಸಿಸ್ಟರ್. ವಯಸ್ಸಾಗಿದೆ, ಕಾಲು ಜಾರಿರುತ್ತೆ."

"ಸುಳ್ಳು ಹೇಳೋಕೆ ನಿನಗೆ ಯಾವತ್ತೂ ಬರ್ಲಿಲ್ಲ ಗುಬ್ಬಿ," ಎಂದಳು ದೊಡ್ಡ ಸಿಸ್ಟರ್. "ಏನು ನೋಡಿದ್ಯೋ ಅದನ್ನ ಬರಿ."

ವಾರ್ಡಿನ ಡಾಕ್ಟರು ತಮ್ಮ ಕೋಣೆಯಲ್ಲಿದ್ದರು. ದರ್ಜಿಯ ಮಾತ್ರೆ ಕಡಿಮೆ ಮಾಡಬೇಕು, ತಾನು ಕೊಟ್ಟ ಅಂಕಿಗಳು ಒಂದೂ ಸರಿಯಿಲ್ಲ ಎಂದು ಅವಳು ನಿಂತುಕೊಂಡೇ ಹೇಳಿದಳು. ಅವರ ಮಾಸ್ಕ್ ಅಲುಗಿತು, ಹುಬ್ಬು ಗಂಟಿಕ್ಕಿತು. ಏನೋ ಕೇಳುತ್ತಿದ್ದರು. ಇಷ್ಟು ವರ್ಷ ಇಂಥ ಹೊತ್ತಿನಲ್ಲಿ ಅವಳು ತಲೆಯಾಡಿಸಿ ಹೊರಬರುತ್ತಿದ್ದಳು.

"ಮಾಸ್ಕ್ ಇಳಿಸಿ ಮಾತಾಡಿ ಡಾಕ್ಟ್ರೇ. ನನಗೆ ಕಿವಿ ಕೇಳಲ್ಲ."

ಅವರು ಇಳಿಸಿದರು. "ನಾವೆಲ್ಲ ನಿಮ್ಮ ಲೆಕ್ಕವನ್ನೇ ನಂಬಿದ್ವಿ," ಎಂದರು. ಬೈದದ್ದಲ್ಲ. ಬೈದಿದ್ದರೆ ಆಗುತ್ತಿತ್ತು ಎಂದು ಅವಳಿಗೆ ಅನ್ನಿಸಿತು. ಅವರೇ ಎದ್ದು ಹೋಗಿ ದರ್ಜಿಯನ್ನು ನೋಡಿ, ಮಾತ್ರೆ ಇಳಿಸಿ, ಹಿಂದೆ ಅವಳು ನೋಡಿದ್ದ ಉಳಿದವರನ್ನೂ ಮತ್ತೆ ನೋಡುವಂತೆ ಬೇರೆ ನರ್ಸಿಗೆ ಹೇಳಿದರು. ಹೊರಡುವಾಗ ಅವಳ ಕಡೆ ತಿರುಗಿ, ರೋಗಿಗೆ ಇದನ್ನೆಲ್ಲ ಹೇಳುವ ಅಗತ್ಯವಿಲ್ಲ, ಸುಮ್ಮನೆ ರಾದ್ಧಾಂತ ಆಗುತ್ತದೆ ಎಂದರು. ಅಷ್ಟನ್ನು ಅವರು ಬಿಡಿಬಿಡಿಯಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದರು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಹಬ್ಬಿತ್ತು. ಆಯಾ ಅವಳ ಮುಂದೆ ಬಂದು ಸುಮ್ಮನೆ ಭುಜ ಹಿಡಿದು ಹೋದಳು. ಹೊಸ ಹುಡುಗಿಯೊಬ್ಬಳು ಅವಳ ಹತ್ತಿರ ಬಂದು ಬಾಯಿ ದೊಡ್ಡದು ಮಾಡಿ, ಮಾಸ್ಕಿನೊಳಗೇ, ಕೂಗಿ ಮಾತಾಡಿದಳು. ಮಾಸ್ಕಿನ ಹಿಂದೆ ತುಟಿ ಕಾಣುವುದಿಲ್ಲವೆಂದು, ಪಾಪ, ಆ ಹುಡುಗಿಗೆ ಹೊಳೆಯಲಿಲ್ಲ. ನಾಳೆಯಿಂದ ವಾರ್ಡಿಗೆ ಬರುವುದು ಬೇಡ ಎಂದು ಗುಬ್ಬಿ ತಾನೇ ಬಂದು ತಿಳಿಸಿದಳು. ಆ ಕಾಗದಕ್ಕೆ ಸಹಿ ಮಾಡಿ, ಕಪಾಟಿನ ಬೀಗದ ಕೈಗಳನ್ನು ಮುಂದಿನ ಪಾಳಿಯವಳಿಗೆ ಕೊಟ್ಟ ಮೇಲೆ ದೊಡ್ಡ ಸಿಸ್ಟರ್‌ಗೆ ಅಲ್ಲಿ ಇನ್ನೇನೂ ಕೆಲಸವಿರಲಿಲ್ಲ.

ಅವಳು ದರ್ಜಿಯ ಹಾಸಿಗೆಯ ಹತ್ತಿರ ಹೋಗಿ ಸ್ಟೂಲ್ ಎಳೆದುಕೊಂಡು ಕೂತಳು. ಪಾಸಾದಿರಾ ಎಂದು ಅವನ ತುಟಿ ಕೇಳಿದವು. ಅವಳು ಇಲ್ಲವೆಂದಳು. ಆಮೇಲೆ ಯಾವ ಸುತ್ತುಬಳಸೂ ಇಲ್ಲದೆ, ರೋಗಿಯ ಗಾಯದ ವಿಷಯ ಮನೆಯವರಿಗೆ ತಿಳಿಸುವಾಗ ಮಾತಾಡುವ ದನಿಯಲ್ಲೇ ಹೇಳಿದಳು. ನನಗೆ ಕಿವಿ ಕೇಳುವುದಿಲ್ಲ, ಅದನ್ನು ಮುಚ್ಚಿಟ್ಟೆ. ನಿಮ್ಮ ಬಿಪಿ ತಪ್ಪಾಗಿ ಹೇಳಿದೆ. ಅದಕ್ಕೇ ಮಾತ್ರೆ ಏರಿಸಿದರು. ನೀವು ಬಿದ್ದದ್ದು ಅದರಿಂದಲೇ ಇರಬೇಕು. ತನ್ನ ದನಿ ಎಷ್ಟು ಗಟ್ಟಿಯಿತ್ತೆಂದು ಅವಳಿಗೆ ತಿಳಿಯಲಿಲ್ಲ. ಪಕ್ಕದ ಹಾಸಿಗೆಯವನು ಚಹಾದ ಲೋಟವನ್ನು ಬಾಯಿಯ ಹತ್ತಿರವೇ ಹಿಡಿದು ಕೂತುಬಿಟ್ಟಿದ್ದ.

ದರ್ಜಿ ಅವಳ ಮುಖವನ್ನು ನೋಡುತ್ತಲೇ ಇದ್ದ. ಅವನ ತುಟಿ ಬಿಗಿದುಕೊಂಡಿದ್ದವು. ಹೊದಿಕೆಯ ಕೆಳಗೆ ಕೈ ತನ್ನ ಸೊಂಟದ ಕಡೆ ಹೋಗಿ, ಅಲ್ಲಿ ನಿಂತಿತು. ಆಮೇಲೆ ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ಅವನು ಮಾತಾಡಲು ಶುರುಮಾಡಿದ್ದು ಅವಳಿಗೆ ಗೊತ್ತಾಯಿತು. ಕಿವಿಯ ಕೆಳಗೆ ದವಡೆ ಅಲುಗುತ್ತಿತ್ತು, ಕತ್ತಿನ ನರ ಉಬ್ಬಿ ಇಳಿಯುತ್ತಿತ್ತು. ಅವಳು ಎದ್ದು ಬಗ್ಗಿ ನೋಡಿದಳು. ಹಾಸಿಗೆಯನ್ನು ಗೋಡೆಗೆ ಒತ್ತಿ ಹಾಕಿದ್ದರು. ಆ ಕಡೆ ಹೋಗಿ ನಿಲ್ಲಲು ಜಾಗವಿರಲಿಲ್ಲ. ಈ ಕಡೆ ತಿರುಗಿ ಎನ್ನಲು ಬಾಯಿ ಬರಲಿಲ್ಲ. ಪಕ್ಕದ ಹಾಸಿಗೆಯವನು ಒಮ್ಮೆ ದರ್ಜಿಯನ್ನು, ಒಮ್ಮೆ ಅವಳನ್ನು ನೋಡಿ, ಲೋಟವನ್ನು ಸದ್ದಾಗದ ಹಾಗೆ ಕೆಳಗಿಟ್ಟು, ತಲೆ ತಗ್ಗಿಸಿದ.

ದವಡೆ ಅಲುಗುತ್ತಲೇ ಇತ್ತು. ಅವನು ಬಹಳ ಹೊತ್ತು ಮಾತಾಡಿದ. ಅದು ಮುಗಿಯುವವರೆಗೂ ಅವಳು ಹಾಸಿಗೆಯ ಕಂಬಿ ಹಿಡಿದು, ಕೇಳುತ್ತಿರುವವಳ ಹಾಗೆ ನಿಂತಿದ್ದಳು.