ಮೈಲಾರನ ಪಾಲು

ದಸರೆ ಮುಗಿಯಿತೆಂದರೆ ಅಂಗಳದ ಕೆಲಸ ಶುರು. ನಾಶಿಕದ ಹತ್ತಿರದ ನಿಫಾಡಿನಿಂದ ನಾಲ್ಕು ಮೈಲಿ ಆಚೆ, ದ್ರಾಕ್ಷಿ ತೋಟದ ನಡುವೆ ಇರುವ ಆ ಬಂಗಲೆಯಲ್ಲಿ ಅದು ಹನುಮವ್ವ ಒಬ್ಬಳದೇ ಕೆಲಸ. ಮಳೆಗಾಲವಿಡೀ ಕೊಬ್ಬಿ ಬೆಳೆದ ಕಾಂಗ್ರೆಸ್ ಕಸವನ್ನು ಬೇರುಸಹಿತ ಕೀಳಬೇಕು, ಮೆಹಂದಿ ಬೇಲಿಯ ತಲೆ ಕತ್ತರಿಸಬೇಕು, ದೀಪಾವಳಿಗೆ ಹೂವಾಗಲೆಂದು ಚೆಂಡುಹೂವಿನ ಸಾಲಿಗೆ ಮಣ್ಣು ಏರಿಸಬೇಕು. ಇದೆಲ್ಲ ಹೋಗಲಿ, ಒಂದು ಬಾದಾಮಿ ಗಿಡವಿದೆ. ಅದಕ್ಕೂ ಹನುಮವ್ವನಿಗೂ ಹಳೆಯ ಜಗಳ. ಅವಳು ಗೇಟಿನಿಂದ ಗುಡಿಸುತ್ತ ಬಂದು ಬಾವಿಕಟ್ಟೆ ಮುಟ್ಟುವಷ್ಟರಲ್ಲಿ ಅದು ಗೇಟಿನ ಹತ್ತಿರ ಮತ್ತೆ ಹತ್ತು ಎಲೆ ಉದುರಿಸಿರುತ್ತದೆ. ಅವಳು ಪೊರಕೆಯನ್ನು ನೆಲಕ್ಕೆ ಕುಟ್ಟಿ ಗಿಡಕ್ಕೆ ಬಾಯಿತುಂಬ ಬೈಯುತ್ತಾಳೆ. ಬೈಯಲಿಕ್ಕಾದರೂ ಒಂದು ಇದೆಯಲ್ಲ ಎಂಬ ಸಮಾಧಾನವೂ ಅದರಲ್ಲಿ ಸ್ವಲ್ಪ ಇರುತ್ತದೆ.

ಗಂಡ ಚಂದ್ರಾಮಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ. ಇಬ್ಬರೂ ಮುಧೋಳ ಸೀಮೆಯಿಂದ ನಾಶಿಕಕ್ಕೆ ಕಟ್ಟಡದ ಕೆಲಸಕ್ಕೆ ಬಂದು ಇಪ್ಪತ್ತು ವರ್ಷ ಇಟ್ಟಿಗೆ ಹೊತ್ತವರು. ಮೊಣಕಾಲು ಸೋತ ಮೇಲೆ ಶಿವಕಾಂತ ಸಾವುಕಾರರು ತಮ್ಮ ತೋಟದ ಬಂಗಲೆಯ ಕಾವಲಿಗೆ ಇಟ್ಟುಕೊಂಡರು. ಸಾವುಕಾರರು ಮೂಲತಃ ಬೀದರ ಕಡೆಯವರು. ಸಂಭಾಜಿನಗರದಲ್ಲಿ ಅವರ ಬಟ್ಟೆ ಅಂಗಡಿ, ಮನೆ, ಸಂಸಾರ ಎಲ್ಲ. ಇಲ್ಲಿಗೆ ಬರುವುದು ವರ್ಷಕ್ಕೆ ಎರಡು ಸಲ. ಉಳಿದ ದಿನ ಹನುಮವ್ವನ ಸುತ್ತ ಇರುವುದು ಮರಾಠಿ. ಅವಳಿಗೆ ಬರುವ ಮರಾಠಿ ಸಂತೆಯಲ್ಲಿ ಈರುಳ್ಳಿ ಕೊಳ್ಳಲು ಸಾಕಾಗುತ್ತಿತ್ತು; ಮನಸ್ಸಿನ ಮಾತಿಗೆ ಸಾಲುತ್ತಿರಲಿಲ್ಲ. ಹೀಗಾಗಿ ಅವಳು ಕನ್ನಡ ಮಾತಾಡುತ್ತಿದ್ದುದು ಎರಡು ನಾಯಿಗಳ ಜೊತೆ ಮಾತ್ರ.

ಬೆಳ್ಳಿ ಮತ್ತು ಬಾಣ. ಎರಡೂ ಮುಧೋಳ ನಾಯಿಗಳು. ಚಂದ್ರಾಮಪ್ಪನೇ ಸಾವುಕಾರರ ಜೊತೆ ಹೋಗಿ ತಂದ ಮರಿಗಳು. ಬೆಳ್ಳಿಗೆ ಹತ್ತು ವರ್ಷ, ಬಾಣನಿಗೆ ಮೂರು. ಆ ಜಾತಿಯೇ ಹಾಗೆ, ಎಷ್ಟು ತಿಂದರೂ ಪಕ್ಕೆಲುಬು ಎಣಿಸಬಹುದು. ತೋಟದ ಆಳುಗಳು, ಹೊಟ್ಟೆಗೆ ಏನೂ ಹಾಕುವುದಿಲ್ಲವೇ ಇವಕ್ಕೆ, ಎಂದು ಕೆಣಕುತ್ತಿದ್ದರು. ಹನುಮವ್ವನಿಗೆ ಆ ಮಾತು ಮೈಯೆಲ್ಲ ಉರಿಸುತ್ತಿತ್ತು.

ದಿನಾ ಬೆಳಿಗ್ಗೆ ಬಿಸಿಲೇರುವ ಮೊದಲೇ ಅವಳು ಎರಡನ್ನೂ ಹಗ್ಗದಲ್ಲಿ ಹಿಡಿದು ಹಿಂದಿನ ಗೇಟಿನಿಂದ ಹೊರಡುವಳು. ದ್ರಾಕ್ಷಿ ಬಳ್ಳಿ ಸವರುವ ಕಾಲ; ಸಾಲುಗಳ ನಡುವೆ ಕತ್ತರಿಗಳ ಟಕ್ ಟಕ್ ಸದ್ದು, ಕಾಲಡಿಯಲ್ಲಿ ಕತ್ತರಿಸಿ ಬಿದ್ದ ಕಡ್ಡಿಗಳು. ಅದನ್ನು ದಾಟಿ ಚಕ್ಕಡಿ ದಾರಿ, ದಾರಿ ಮುಗಿದರೆ ಕಾಲುವೆ, ಕಾಲುವೆಯ ಆಚೆ ಸೋಯಾಬೀನ್ ಕೊಯ್ದು ಬರಿದಾದ ಕಪ್ಪು ಹೊಲ. ಅಲ್ಲಿ ಹಗ್ಗ ಬಿಚ್ಚಿದರೆ ಬಾಣ ಹೆಸರಿಗೆ ತಕ್ಕ ಹಾಗೆ ಕಣ್ಣಿಗೆ ಕಾಣದಷ್ಟು ದೂರ ಹೋಗಿ ಬರುತ್ತಿದ್ದ. ಬೆಳ್ಳಿ ನಾಲ್ಕು ಮಾರು ಓಡಿ, ಮಾನ ಕಾಪಾಡಿಕೊಂಡು, ತಿರುಗಿ ಬಂದು ಹನುಮವ್ವನ ಸೀರೆಗೆ ಮೈ ತಾಗಿಸಿ ನಡೆಯುತ್ತಿದ್ದಳು. ಹನುಮವ್ವ ಅವಳಿಗೆ ಹಿಂದಿನ ರಾತ್ರಿ ಬಿದ್ದ ಕನಸು, ಮಂಡಿನೋವು, ಚಂದ್ರಾಮಪ್ಪನ ಮೇಲಿನ ಹಳೆಯ ಸಿಟ್ಟು ಎಲ್ಲ ಹೇಳುತ್ತಿದ್ದಳು. ಬೆಳ್ಳಿ ಒಂದಕ್ಕೂ ಎದುರಾಡುತ್ತಿರಲಿಲ್ಲ.

ದೀಪಾವಳಿಗೆ ವಾರವಿರುವಾಗ ಸಾವುಕಾರರ ಫೋನು ಬಂತು. ಅವರ ಓಣಿಯಲ್ಲಿ ಕಳ್ಳತನವಾಗಿದೆಯಂತೆ, ಒಂದೇ ತಿಂಗಳಲ್ಲಿ ಎರಡು ಮನೆ. ತೋಟದಲ್ಲಿ ಕದಿಯಲಿಕ್ಕೆ ಏನಿದೆ, ನಾಯಿಗಳನ್ನು ಊರ ಮನೆಗೆ ಒಯ್ಯುತ್ತೇವೆ ಎಂದರು. ಅವರ ನಾಯಿ, ಅವರ ಮನೆ. ಇಲ್ಲ ಎನ್ನಲು ಹನುಮವ್ವ ಯಾರು? ಆಗಲ್ರಿ, ಎಂದಳು.

ಮಂಗಳವಾರ ಗಾಡಿ ಬಂತು. ಹನುಮವ್ವ ಎಲ್ಲವನ್ನೂ ಹೇಳಿ ಕಳಿಸಿದಳು. ಬಾಣನಿಗೆ ಪಟಾಕಿಯ ಸದ್ದು ಆಗಿಬರುವುದಿಲ್ಲ, ಬೆಳ್ಳಿಯ ಹಿಂಗಾಲಿಗೆ ಕೊಬ್ಬರಿಎಣ್ಣೆ ತಿಕ್ಕಬೇಕು, ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಬೇಕು, ಸ್ನಾನ ಹದಿನೈದು ದಿನಕ್ಕೊಮ್ಮೆ. ಒಂದನ್ನು ಮಾತ್ರ ಹೇಳಲಿಲ್ಲ. ಗಡಿಬಿಡಿಯಲ್ಲಿ ಮರೆತೆ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು. ಮಜ್ಜಿಗೆ ಎಷ್ಟು ಹುಳಿ ಇರಬೇಕೆಂಬುದನ್ನೂ ಮರೆಯದ ಹೆಂಗಸು ಅದನ್ನು ಹೇಗೆ ಮರೆತಳೋ, ನೀವು ನಂಬುವುದಾದರೆ ನಂಬಿ.

ಆ ಒಂದು ಸಂಗತಿ ಇದು. ಚಂದ್ರಾಮಪ್ಪನದು ಕುರಿ ಕಾಯುವ ಮನೆತನ. ಅವನ ಅಜ್ಜನ ಕಾಲದಲ್ಲಿ ಕಳ್ಳರು ಮಾಂಸದಲ್ಲಿ ವಿಷವಿಟ್ಟು ಹಟ್ಟಿಯ ನಾಯಿಗಳನ್ನು ಕೊಂದು ಮೂವತ್ತು ಕುರಿ ಹೊಡೆದುಕೊಂಡು ಹೋಗಿದ್ದರು. ಅಂದಿನಿಂದ ಆ ಮನೆಯ ನಾಯಿಗಳಿಗೆ ಮರಿಯಿದ್ದಾಗಲೇ ಒಂದು ಕಟ್ಟು ಕಲಿಸುತ್ತಿದ್ದರು. ಯಾರು ಏನೇ ಹಾಕಲಿ, ಮನೆಯವರೊಬ್ಬರು ಬಟ್ಟಲ ಪಕ್ಕದ ನೆಲಕ್ಕೆ ಎಡ ಅಂಗೈ ಊರಿ, "ಮೈಲಾರನ ಪಾಲು, ಉಣ್ಣು" ಎನ್ನುವ ತನಕ ನಾಯಿ ಬಾಯಿ ಹಾಕಬಾರದು. ನಾಯಿಗಳು ಮೈಲಾರ ದೇವರ ಸಂಗಡಿಗರು ಎಂಬ ನಂಬಿಕೆಯ ಮಾತು ಅದು. ಹೊರಗಿನವರ ಕಿವಿಗೆ ಅದು ಬೀಳುವಂತಿಲ್ಲ; ಮನೆಗೆ ಬಂದ ಸೊಸೆಗೆ ಮಾತ್ರ ಹೇಳಿಕೊಡುತ್ತಿದ್ದರು. ನಾಯಿಯನ್ನು ಬೇರೆಯವರಿಗೆ ಕೊಡುವುದಾದರೆ ಮಾತನ್ನೂ ಜೊತೆಗೆ ಕೊಡಬೇಕು. ಕೊಟ್ಟ ಮೇಲೆ ಮುಗಿಯಿತು. ಆಮೇಲೆ ಕೊಟ್ಟವರು ಆ ನಾಯಿಗೆ ತಮ್ಮ ದನಿ ಕೇಳಿಸಬಾರದು, ಕೇಳಿಸಿದರೆ ನಾಯಿ ಎರಡು ಮನೆಯ ನಡುವೆ ಸಿಕ್ಕಿ ಹಾಳಾಗುತ್ತದೆ. ಬಂಗಲೆಯಲ್ಲಿ ಕುರಿಯೂ ಇರಲಿಲ್ಲ, ಹಟ್ಟಿಯೂ ಇರಲಿಲ್ಲ. ಆದರೂ ಚಂದ್ರಾಮಪ್ಪ ಸಾವುಕಾರರಿಗೂ ತಿಳಿಸದೆ ಇವಕ್ಕೆ ಆ ಕಟ್ಟು ಕಲಿಸಿದ್ದ. ಊಟ ಹಾಕುವಾಗ ಹನುಮವ್ವ ಏನೋ ಗೊಣಗುವುದನ್ನು ಸಾವುಕಾರರ ಮನೆಯವರು ನೋಡಿದ್ದರು. ಮುದುಕಿ ನಾಯಿಗಳ ಜೊತೆ ಮಾತಾಡುತ್ತಾಳೆ ಎಂದುಕೊಂಡು ಸುಮ್ಮನಾಗಿದ್ದರು. ಈಗ ಆ ಮಾತು ಬಲ್ಲವಳು ಭೂಮಿಯ ಮೇಲೆ ಅವಳೊಬ್ಬಳೇ.

ಗುರುವಾರ ಸಂಜೆ ಸಾವುಕಾರರು ಫೋನು ಮಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಕಂಗಾಲಾಗಿದ್ದರು.

"ಹನುಮವ್ವಾರ, ಎರಡೂ ಒಂದು ತುತ್ತು ಮುಟ್ಲಾಕತ್ತಿಲ್ರಿ. ಬರೇ ನೀರು ಕುಡಿತಾವ. ಡಾಕ್ಟರ್ ಏನೂ ಬ್ಯಾನಿ ಇಲ್ಲ ಅಂತಾರ. ರವಿವಾರದ ತನಕ ನೋಡ್ತೀನಿ. ಆಗಲಿಲ್ಲಂದ್ರ ನಿಮ್ಮ ಕಡಿಗೇ ತಂದು ಬಿಡ್ತೀನಿ, ಮತ್ತ ಈ ಉಸಾಬರಿ ಬ್ಯಾಡ."

ಹನುಮವ್ವ ಹೂಂ ಎಂದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು, ಅದನ್ನು ಅಲ್ಲೇ ನುಂಗಿದಳು. ಬರೀ ಮೂರು ದಿನ. ಬಾಯಿಗೆ ಬೀಗ ಹಾಕಿಕೊಂಡು ಕೂತರೆ ನಾಯಿಗಳು ತಾವಾಗಿಯೇ ಮನೆಗೆ ಬರುತ್ತವೆ, ಯಾರೂ ಅವಳನ್ನು ಬೆರಳು ಮಾಡಿ ತೋರಿಸುವುದಿಲ್ಲ. ಶುಕ್ರವಾರ ಅವಳು ಮಂಡಿನೋವನ್ನೂ ಮರೆತು ಕೆಲಸ ಮಾಡಿದಳು. ನಾಯಿಗಳ ಗೋಣಿತಾಟು ಒಗೆದು ಬಿಸಿಲಿಗೆ ಹಾಕಿದಳು, ಉದುರಿದ ಎಲೆಯನ್ನೆಲ್ಲ ಗುಡ್ಡೆ ಮಾಡಿ ಸುಟ್ಟಳು, ಬಾದಾಮಿ ಗಿಡಕ್ಕೆ ಬೈಯಲಿಲ್ಲ. ನಾಯಿ ನಾಲ್ಕು ದಿನ ಉಪವಾಸ ತಡೆಯುತ್ತದೆ, ಹಟ್ಟಿಯ ನಾಯಿಗಳು ತಡೆದಿವೆ ಎಂದು ತನಗೆ ತಾನೇ ವಾದ ಹೂಡಿದಳು.

ಶನಿವಾರ ಇಳಿಹೊತ್ತಿಗೆ ಸಾವುಕಾರರ ಮಗಳು ವೈಷ್ಣವಿ ವಿಡಿಯೋ ಕಾಲ್ ಮಾಡಿದಳು. ಕಾಲೇಜಿಗೆ ಹೋಗುವ ಹುಡುಗಿ. ಕನ್ನಡ ಕೇಳಿದರೆ ಪೂರ್ತಿ ತಿಳಿಯುತ್ತದೆ, ಆಡಲು ಹೋದರೆ ಅರ್ಧ ಮರಾಠಿ ಬರುತ್ತದೆ. ಅಜ್ಜಿ, ನೀವೇ ನೋಡಿ ಎಂದು ಫೋನನ್ನು ತಿರುಗಿಸಿದಳು.

ಹೊಳೆಯುವ ಟೈಲ್ಸಿನ ಮೇಲೆ ಬೆಳ್ಳಿ ಮಲಗಿದ್ದಳು. ಮುಂದೆ ಬಟ್ಟಲು, ಅದರಲ್ಲಿ ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿ, ಹನುಮವ್ವ ಹೇಳಿದ್ದ ಹಾಗೆಯೇ. ಬೆಳ್ಳಿಯ ಬಾಯಿಂದ ಜೊಲ್ಲು ಇಳಿದು ನೆಲ ಒದ್ದೆಯಾಗಿತ್ತು. ಹಸಿವಿಲ್ಲದೆ ಅಲ್ಲ, ಹಸಿದೇ ಕಾಯುತ್ತಿದ್ದಳು. ಪಕ್ಕದಲ್ಲಿ ಬಾಣ ಗೋಡೆಗೆ ಮುಖ ಮಾಡಿ ಕೂತಿದ್ದ.

"ಬೆಳ್ಳೀ," ಎಂದಳು ಹನುಮವ್ವ, ತಡೆಯಲಾರದೆ.

ಬೆಳ್ಳಿ ಕಷ್ಟಪಟ್ಟು ಎದ್ದು ನಿಂತಳು. ಫೋನನ್ನು ಮೂಸಿದಳು, ಫೋನಿನ ಹಿಂದೆ ಹೋಗಿ ನೋಡಿದಳು, ಬಾಗಿಲ ತನಕ ಹೋಗಿ ನೋಡಿದಳು. ಯಾರೂ ಇರಲಿಲ್ಲ. ತಿರುಗಿ ಬಂದು ಬಟ್ಟಲ ಮುಂದೆ ಮಲಗಿದಳು. ಹಿಂಗಾಲು ನಡುಗುತ್ತಿತ್ತು.

"ನಾನೂ ಊಟ ಮಾಡಿಲ್ಲ ಅಜ್ಜಿ, ಪರವಾ ಪಾಸೂನ, ಮೊನ್ನೆಯಿಂದ," ಎಂದಳು ವೈಷ್ಣವಿ. "ಇದು ನನ್ನ ಮುಖಾನೇ ನೋಡ್ತದ. ನನಗ ಏನೂ ಸಮಜತ ನಾಹಿ."

ಹನುಮವ್ವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಕಳ್ಳರ ಕೈಯಿಂದ ನಾಯಿ ಸಾಯಬಾರದೆಂದು ಕಲಿಸಿದ ಮಾತು. ಅದನ್ನು ಬಚ್ಚಿಟ್ಟುಕೊಂಡು ತಾನೇ ಅವನ್ನು ಸಾಯಿಸುತ್ತಿದ್ದಾಳೆ. ಫೋನಿನಲ್ಲಿ ತಾನೇ ಹೇಳಿಬಿಟ್ಟರೆ ಎಂದೂ ಒಂದು ಗಳಿಗೆ ಯೋಚಿಸಿದಳು. ಇವತ್ತಿನ ಊಟವೇನೋ ಆದೀತು. ನಾಳೆ? ನಾಡಿದ್ದು? ದಿನಾ ಫೋನಿನ ಹಿಂದೆ ಮನುಷ್ಯರನ್ನು ಹುಡುಕುತ್ತ ಬೆಳ್ಳಿ ಎಷ್ಟು ದಿನ ಬದುಕಾಳು? ಒಂದು ರಾತ್ರಿ ಕಳೆದರೆ ರವಿವಾರ, ಒಂದೇ ರಾತ್ರಿ. ಆದರೆ ಆ ಕಾಲು ನಡುಗುವುದನ್ನು ನೋಡಿದ ಮೇಲೆ ಒಂದು ರಾತ್ರಿಯೂ ಹೆಚ್ಚಾಯಿತು.

"ಯವ್ವಾ, ಬಾಗಿಲ ಹಾಕ್ಕೋ. ಯಾರೂ ಇರಬಾರದು ಅಲ್ಲೆ," ಎಂದಳು. ಆಮೇಲೆ ಕಟ್ಟನ್ನು ಹೇಳಿಕೊಟ್ಟಳು. ಎಡಗೈ ಎಲ್ಲಿ ಊರಬೇಕು, ಯಾವ ಮಾತು ಹೇಳಬೇಕು, ಎಷ್ಟು ಮೆಲ್ಲಗೆ. ನಾಯಿಗಳಿಗೆ ಕೇಳಿಸದ ಹಾಗೆ ಫೋನನ್ನು ಕಿವಿಗೆ ಒತ್ತಿ ಹಿಡಿಯಿಸಿ, ಮೂರು ಸಲ ಹೇಳಿಸಿದಳು. "ನಾ ಈಗ ಸುಮ್ನ ಇರ್ತೀನಿ. ಏನಾದ್ರೂ ನನ್ನ ಕೇಳಬ್ಯಾಡ."

ವೈಷ್ಣವಿ ಫೋನನ್ನು ಗೋಡೆಗೆ ಒರಗಿಸಿಟ್ಟು ಬಟ್ಟಲ ಪಕ್ಕ ಅಂಗೈ ಊರಿದಳು. ಮಾತು ಹೇಳಿದಳು. 'ಉಣ್ಣು' ಅರ್ಧಕ್ಕೇ ನಿಂತಿತು. ಬೆಳ್ಳಿಯ ಕಿವಿ ನಿಮಿರಿತು. ಅವಳು ಹುಡುಗಿಯನ್ನು ನೋಡಿದಳು, ಆಮೇಲೆ ಫೋನಿನ ಕಡೆ ತಿರುಗಿ ಹನುಮವ್ವನನ್ನೇ ನೋಡುವ ಹಾಗೆ ನೋಡಿದಳು. ಹೌದಾ, ಎಂದು ಕೇಳುವ ಹಾಗೆ. ಹನುಮವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಹಲ್ಲಿನಿಂದ ಕಚ್ಚಿ ಹಿಡಿದಳು. ಒಂದು ಸದ್ದು ಹೊರಟರೂ ಬೆಳ್ಳಿ ಅವಳವಳಾಗಿಯೇ ಉಳಿಯುತ್ತಿದ್ದಳು. ಅವಳು ಉಸಿರೂ ಬಿಡಲಿಲ್ಲ.

"ಮೈಲಾರನ ಪಾಲು," ಎಂದಳು ವೈಷ್ಣವಿ ಮತ್ತೊಮ್ಮೆ, ಈ ಸಲ ನಿಧಾನವಾಗಿ. "ಉಣ್ಣು."

ಬೆಳ್ಳಿ ತಲೆ ತಗ್ಗಿಸಿ ತಿನ್ನತೊಡಗಿದಳು. ಲೊಚಲೊಚ ಸದ್ದು ಕೇಳಿ ಬಾಣ ಗೋಡೆ ಬಿಟ್ಟು ತಿರುಗಿದ. ಹುಡುಗಿ ಅವನ ಬಟ್ಟಲ ಪಕ್ಕದಲ್ಲೂ ಕೈ ಊರಿದಳು. ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು.

ಬಟ್ಟಲು ಬರಿದಾದ ಮೇಲೆ ಹನುಮವ್ವ ಹುಡುಗಿಗೆ ಫೋನು ಹಿಡಿದುಕೊಂಡು ಹೊರಗೆ ಬರಲು ಕೈಸನ್ನೆ ಮಾಡಿದಳು. ಹೊರಗೆ ಬಂದ ಮೇಲೆ, ಇನ್ನು ನಾಯಿಗಳ ಮುಂದೆ ತನಗೆ ಫೋನು ಹಚ್ಚಬಾರದು, ತನ್ನ ಹೆಸರನ್ನೂ ಎತ್ತಬಾರದು ಎಂದಳು. ಯಾಕೆ ಎಂದು ಹುಡುಗಿ ಕೇಳಿದಳು.

"ಅವು ಈಗ ನಿನ್ನವು ಯವ್ವಾ. ನೀ ಉಣ್ಣು ಹೋಗು," ಎಂದು ಹನುಮವ್ವ ಫೋನು ಇಟ್ಟಳು.

ರವಿವಾರ ಗಾಡಿ ಬರಲಿಲ್ಲ. ಬೆಳಿಗ್ಗೆ ಎದ್ದವಳೇ ಗೂಟದಿಂದ ಹಗ್ಗ ತೆಗೆದುಕೊಂಡಳು, ತೆಗೆದ ಮೇಲೆ ತಿರುಗಿ ಇಡಲು ಮನಸ್ಸಾಗದೆ ಅದನ್ನು ಹಿಡಿದೇ ಹೊರಟಳು. ತೋಟದ ಆಳೊಬ್ಬ ನಾಯಿಗಳೆಲ್ಲಿ ಎಂದು ಕೇಳಿದ. ಅವಳು ಔರಂಗಾಬಾದ್ ಎಂದಳು; ಅವಳ ಬಾಯಲ್ಲಿ ಸಂಭಾಜಿನಗರಕ್ಕೆ ಇನ್ನೂ ಹಳೆಯ ಹೆಸರೇ. ಕಾಲುವೆ ದಾಟಿ ಕಪ್ಪು ಹೊಲದ ಅಂಚಿಗೆ ಹೋಗಿ ಸ್ವಲ್ಪ ಹೊತ್ತು ನಿಂತಳು. ಹೇಳಲಿಕ್ಕೆ ಬೇಕಾದಷ್ಟು ಇತ್ತು. ಯಾರಿಗೂ ಹೇಳದೆ ತಿರುಗಿ ಬಂದು ದಿನವಿಡೀ ಅಂಗಳದ ಕೆಲಸ ಮಾಡಿದಳು.

ಸಂಜೆ ರೂಢಿಯಂತೆ ಐದು ರೊಟ್ಟಿ ಬಡಿದಿದ್ದಳು. ಎರಡನ್ನು ತಟ್ಟೆಗೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತಳು. ನಾಯಿಗಳು ಹೋದಾಗಿನಿಂದ ಅವಳೂ ಸರಿಯಾಗಿ ಉಂಡಿರಲಿಲ್ಲ, ಹಸಿವಿತ್ತು. ಆದರೆ ಕೈ ತಟ್ಟೆಗೆ ಹೋಗಲೊಲ್ಲದು. ಇಷ್ಟು ವರ್ಷ ಅವಳು ಉಂಡದ್ದೆಲ್ಲ ಅವಕ್ಕೆ ಆ ಮಾತು ಹೇಳಿದ ಮೇಲೆಯೇ. ಅವುಗಳ ಜೊತೆ ಅವಳ ಕೈಯೂ ಆ ಕಟ್ಟು ಕಲಿತುಬಿಟ್ಟಿತ್ತು. ಹನುಮವ್ವ ಗೇಟಿನ ಕಡೆ ನೋಡಿದಳು. ಬಾದಾಮಿಯ ಎಲೆಗಳು ಬಿದ್ದಿದ್ದವು.

ಅವಳು ತಟ್ಟೆಯ ಪಕ್ಕ ಎಡ ಅಂಗೈ ಊರಿದಳು.

"ಮೈಲಾರನ ಪಾಲು, ಉಣ್ಣು," ಎಂದು ತನಗೆ ತಾನೇ ಮೆಲ್ಲಗೆ ಹೇಳಿಕೊಂಡಳು. ಆಮೇಲೆ ರೊಟ್ಟಿ ಮುರಿದಳು.