ಚಿಕ್ಕಮ್ಮನ ಮನೆಗೆ ಪೂರ್ತಿ ತೆರಿಗೆ

“ತಾಯಿ ಮಗಳಿಗೆ ಮನೆ ಕೊಟ್ರೆ ವರ್ಗಾವಣೆ ತೆರಿಗೆ ಚೂರುಪಾರು. ಬೇರೆ ಯಾರಿಗೆ ಕೊಟ್ರೂ ಅದರ ಹತ್ತರಷ್ಟು. ನೀವು ಹೆತ್ತ ತಾಯಿ ತಾನೇ?” ಎಂದು ನೋಂದಣಿ ಕಚೇರಿಯ ಪತ್ರ ಬರಹಗಾರರು ಕನ್ನಡಕದ ಮೇಲಿಂದ ನೋಡಿದರು.

ತನ್ನ ಮನೆಯನ್ನು ಮಗಳ ಹೆಸರಿಗೆ ಮಾಡಲು ಬಂದಿದ್ದ ಬೇಕರಿ ಚಿಕ್ಕಮ್ಮ ಪಕ್ಕದಲ್ಲಿ ಕೂತಿದ್ದ ಮಗಳ ಕಡೆ ತಿರುಗಿದಳು. ಅಕ್ಕ ತೀರಿಕೊಂಡ ಮೇಲೆ ಅಕ್ಕನ ಈ ಕೂಸನ್ನು ಒಲೆಯ ಪಕ್ಕ ಮಲಗಿಸಿಕೊಂಡೇ ಬ್ರೆಡ್ಡು ಬೇಯಿಸಿದವಳು ಅವಳು. ದತ್ತು ಪತ್ರ ಮಾಡಿಸಬೇಕೆಂಬುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಕೂಸು ಅಮ್ಮ ಎನ್ನುತ್ತಿತ್ತಲ್ಲ, ಇನ್ನೇನು ಬೇಕು?

“ಹೂಂ ಅಂದ್ಬಿಡ್ಲಾ?” ಎಂದು ಮಗಳ ಕಿವಿಯಲ್ಲಿ ಪಿಸುಗುಟ್ಟಿದಳು. “ಇಲ್ದಿದ್ರೆ ನೀನು ಸ್ಕೂಟರಿಗೆ ಕೂಡಿಟ್ಟಿದ್ದೆಲ್ಲ ಹೋಗುತ್ತಲ್ಲೇ. ಡಿಪೋ ತನಕ ದಿನಾ ನಡೀತೀಯಾ?”

ಮಗಳು ಬಸ್ ಕಂಡಕ್ಟರ್. ಟಿಕೆಟ್ ತಗೊಳ್ಳದವರು ಸ್ವಂತ ಸೋದರಮಾವನೇ ಆದರೂ ಬಸ್ಸಿನಿಂದ ಇಳಿಸುವವಳು.

“ಚಿಕ್ಕಮ್ಮ ಅಂತಲೇ ಬರೀರಿ ಸಾರ್. ಪೂರ್ತಿ ಕಟ್ತೀನಿ.”

“ಅಯ್ಯೋ, ನಿಂಗೇನು ತಲೆ ಕೆಟ್ಟಿದೆಯೇನೇ?”

“ಇಷ್ಟು ವರ್ಷ ಟಿಕೆಟ್ ಇಲ್ದೇನೇ ಅಮ್ಮ ಅಮ್ಮ ಅಂತ ಓಡಾಡಿದೀನಿ. ಇವತ್ತು ದಂಡ ಸೇರಿಸಿ ತಗೊಂಡ್ಬಿಡ್ತೀನಿ, ಸುಮ್ನಿರಮ್ಮ.”

ಬರಹಗಾರರು ಗೊಳ್ಳೆಂದು ನಕ್ಕರು. ಚಿಕ್ಕಮ್ಮ ಒಂದು ಕೈಯಲ್ಲಿ ಕಣ್ಣು ಒರೆಸಿಕೊಂಡು, ಇನ್ನೊಂದರಲ್ಲಿ ಮಗಳ ತೋಳು ಚಿವುಟಿದಳು.

ಪತ್ರ ಸಿದ್ಧವಾಗಿ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಜವಾನ ಬಾಗಿಲಿಗೆ ಬಂದು, ಇಬ್ಬರ ಮುಖವನ್ನೂ ಒಮ್ಮೆ ನೋಡಿ, “ಹುಡುಗಿಯ ತಾಯಿ ಬನ್ನಿ, ರುಜು ಹಾಕಿ” ಎಂದು ಕೂಗಿದ. ಯಾರೂ ಅವನನ್ನು ತಿದ್ದಲಿಲ್ಲ. ಚಿಕ್ಕಮ್ಮ ಉಗುರಿಗಂಟಿದ್ದ ಹಿಟ್ಟನ್ನು ಉಜ್ಜಿಕೊಳ್ಳುತ್ತಾ ಎದ್ದು ಒಳಗೆ ನಡೆದಳು.