ಕೊಯ್ಲುಗಾರನ ರುಜು

ಪಂಕಜಾ ಎಡವಿದ್ದು ಒಂದೇ ಒಂದು ಪದದಲ್ಲಿ.

ತಿರುವನಂತಪುರದ ಸರಕಾರಿ ಕಚೇರಿಯೊಂದರಲ್ಲಿ ಅವಳು ಭಾಷಾಂತರಕಾರಳು. ಕಾಸರಗೋಡಿನ ಕನ್ನಡಿಗರಿಗೆ ಹೋಗುವ ಕಾಗದವೆಲ್ಲ ಅವಳ ಕೈ ದಾಟಿಯೇ ಹೋಗಬೇಕು. ಅಲ್ಲಿನ ಗುಡ್ಡದ ಗುಹೆಯೊಂದರ ಬಗ್ಗೆ ಕೊಚ್ಚಿಯಲ್ಲಿ ಸಂಶೋಧಕನಾಗಿದ್ದ ಅದೇ ಊರಿನ ಅಲ್ವಿನ್ ಕಳಿಸಿದ್ದ ಇಂಗ್ಲಿಷ್ ವರದಿಯಲ್ಲಿ ‘ಹಾರ್ವೆಸ್ಟ್‌ಮೆನ್’ ಎಂದಿತ್ತು. ಅವಳು ಕಿಟಕಿಯಾಚೆ ನೋಡುತ್ತ, ‘ಗುಹೆಯ ಮಾಡಿನಲ್ಲಿ ನಲವತ್ತಮೂರು ಕೊಯ್ಲುಗಾರರು ಒಬ್ಬರ ಕಾಲ ಮೇಲೊಬ್ಬರು ಕಾಲಿಟ್ಟು ವಾಸವಾಗಿದ್ದಾರೆ’ ಎಂದು ಬರೆದಳು. ಪಾಪ, ಎಷ್ಟು ಇಕ್ಕಟ್ಟು ಅನ್ನಿಸಿತು, ಅಷ್ಟೇ.

ವಾರದೊಳಗೆ ಕೊಚ್ಚಿಯಿಂದ ಅಲ್ವಿನ್‌ನ ಫೋನು ಬಂತು.

“ಪಂಕಜಕ್ಕಾ, ಎಂತ ಮಾಡಿದ್ದು ಮಾರಾಯ್ರೆ! ಅದು ಜನ ಅಲ್ಲ, ಜೇಡನ ದಾಯಾದಿ. ಎಂಟು ಕಾಲು ಉಂಟು, ಆದ್ರೆ ಬಲೆ ನೇಯ್ಲಿಕ್ಕೆ ಬರುದಿಲ್ಲ.”

“ಅಯ್ಯೋ ದೇವರೇ! ಈಗಲೇ ತಿದ್ತೇನೆ.”

“ಬೇಡ ಬೇಡ! ಗುಡ್ಡದಲ್ಲಿ ಕೆಂಪುಕಲ್ಲು ಕಡಿಯುವ ಯಂತ್ರ ನಿಂತದ್ದೇ ಅದರಿಂದ. ನಿಮ್ಮ ಕನ್ನಡ ಓದಿ, ವಾಸ ಇರುವವರನ್ನು ಕೇಳದೆ ಗುಡ್ಡ ಮುಟ್ಟಬಾರದು ಅಂತ ನಿಮ್ಮ ಸಾಹೇಬ್ರೇ ಬರೆದಿದ್ದಾರೆ. ಹುಳವನ್ನು ಯಾರು ಕೇಳ್ತಾರೆ?”

ಸಾಹೇಬರು ಎಂದರೆ ಸೆಕ್ಷನ್ ಆಫೀಸರ್ ಉದಯಶಂಕರ. ಅವರು ಇನ್ನೊಂದು ಸಾಲೂ ಬರೆದಿದ್ದರು: ಕೊಯ್ಲುಗಾರರಲ್ಲಿ ಒಬ್ಬರು ಶುಕ್ರವಾರ ಖುದ್ದಾಗಿ ಬಂದು ಆಕ್ಷೇಪಣೆಯ ಅರ್ಜಿಗೆ ರುಜು ಹಾಕತಕ್ಕದ್ದು. ತಪ್ಪಿದರೆ ಸೋಮವಾರದಿಂದ ಕಲ್ಲು ಕಡಿಯಬಹುದು.

ಬಾಯಿಬಿಟ್ಟರೆ ಗುಹೆ ಹೋಗುತ್ತದೆ, ಬಿಡದಿದ್ದರೆ ತನ್ನ ಕೆಲಸ. ಪಂಕಜಾಳಿಗೆ ಅಜ್ಜಿಯ ಕಥೆಯ ಏಡಿ ನೆನಪಾಯಿತು. ಅರಸನ ಮುಂದೆ ದೂರು ಹೇಳಲು ಅದು ಅರಮನೆಯ ಮೆಟ್ಟಿಲನ್ನೆಲ್ಲ ಅಡ್ಡಡ್ಡ ಹತ್ತಿ ಹೋಗಿತ್ತು. ಏಡಿಗೆ ಮಾತು ಹೇಗೆ ಬಂತೆಂದು ಆ ಊರಲ್ಲಿ ಒಬ್ಬರೂ ಕೇಳಿರಲಿಲ್ಲ.

“ಒಬ್ಬನನ್ನು ಕರ್ಕೊಂಡು ಬಾ,” ಎಂದಳು ಅಲ್ವಿನ್‌ಗೆ.

ಶುಕ್ರವಾರ ಅಲ್ವಿನ್ ಕೊಚ್ಚಿಯ ವೈಟ್ಟಿಲದಲ್ಲಿ ಮೊದಲ ಬಸ್ಸು ಹಿಡಿದು ಬಂದ. ಕಂಕುಳಲ್ಲಿ ಬಟ್ಟೆ ಕಟ್ಟಿದ ಉಪ್ಪಿನಕಾಯಿ ಬಾಟಲಿ. ಒಳಗೆ ಎಳ್ಳುಕಾಳಿಗೆ ಎಂಟು ಕೂದಲು ಅಂಟಿಸಿದಂಥ ಕೊಯ್ಲುಗಾರ.

ಉದಯಶಂಕರ ಕನ್ನಡಕ ಏರಿಸಿದರು. “ಇವರೋ?”

“ಹೌದು ಸರ್,” ಎಂದಳು ಪಂಕಜಾ.

“ಆಳು ತುಂಬ ಸಪೂರ ಆಯ್ತಲ್ಲ?”

“ಗುಹೆಯಲ್ಲಿ ಊಟಕ್ಕೆ ಕಷ್ಟ ಸರ್.”

“ಕಾಲು ಜಾಸ್ತಿ ಉಂಟು.” ಅವರು ಅರ್ಜಿಯನ್ನು ತಿರುವಿ ನೋಡಿದರು. “ಕಾಲಿಗೆ ಕಾಲಂ ಇಲ್ಲ. ಇರ್ಲಿ ಬಿಡಿ. ರುಜು ಬರ್ತದಾ, ಹೆಬ್ಬೆಟ್ಟಾ?”

ಅಲ್ವಿನ್ ಕೊಯ್ಲುಗಾರನನ್ನು ಶಾಯಿಪ್ಯಾಡಿನ ಮೇಲಿಳಿಸಿದ. ಅದು ಪ್ಯಾಡು ದಾಟಿ, ಅರ್ಜಿ ತುಳಿದು, ಮೇಜಿನಂಚಿನತ್ತ ಓಡಿತು.

“ಏ, ನಿಲ್ಲಿ ಮಾರಾಯ್ರೆ!” ಉದಯಶಂಕರ ಬೆರಳಿಟ್ಟು ಕಾಲೊಂದನ್ನು ಹಿಡಿದರು. ಕೊಯ್ಲುಗಾರ ಆ ಕಾಲನ್ನು ಅವರಿಗೇ ಬಿಟ್ಟುಕೊಟ್ಟು ಬಾಟಲಿಯ ಹಿಂದೆ ಅಡಗಿತು. ಕಳಚಿದ ಒಂಟಿ ಕಾಲು ಅರ್ಜಿಯ ಕೆಳತುದಿಯಲ್ಲಿ ಮಿಡುಕಿತು, ಮಡಚಿತು, ನೀಲಿ ಶಾಯಿಯಲ್ಲಿ ಉದ್ದಕ್ಕೊಂದು ಗೀಚು ಎಳೆದು ಸುಮ್ಮನಾಯಿತು.



ಉದಯಶಂಕರ ಆ ಗೀಚನ್ನು ಬಹಳ ಹೊತ್ತು ನೋಡಿದರು. “ನಮ್ಮ ಡೈರೆಕ್ಟರ್ ಸಾಹೇಬ್ರ ರುಜುವಿಗಿಂತ ಚೆಂದ ಓದ್ಲಿಕ್ಕೆ ಆಗ್ತದೆ,” ಎಂದು ಮೊಹರು ಒತ್ತಿದರು. ಗುಡ್ಡ ಉಳಿಯಿತು.

ಅಲ್ವಿನ್ ಕೊಯ್ಲುಗಾರನನ್ನು ಒಳಗಿಳಿಸಿ ಬಾಟಲಿ ಕಟ್ಟಿಕೊಂಡು ಮೆಲ್ಲಗೆ ಕೇಳಿದ, “ಸರ್, ಆ ಕಾಲು…?”

“ಫೈಲಿಗೆ ಸೇರಿದ್ದು,” ಎಂದು ಅವರು ಅದನ್ನು ಟೇಪಿನಲ್ಲಿ ಅಂಟಿಸಿ, ಇಂಗ್ಲಿಷಿನಲ್ಲೊಂದು ಸಾಲು ಬರೆದು ಪಂಕಜಾಳ ಕಡೆ ತಳ್ಳಿದರು.

ಈ ಸಲ ಅವಳು ಕಿಟಕಿಯತ್ತ ನೋಡಲಿಲ್ಲ. ನಿಘಂಟನ್ನು ಮೂರು ಸಲ ತೆರೆದು, ಪ್ರತಿ ಪದ ಪರೀಕ್ಷಿಸಿ, ದುಂಡಗೆ ಬರೆದಳು: ‘ಲಗತ್ತು: ಅರ್ಜಿದಾರರ ಕಾಲು, ಒಂದು.’